ಸೇನೆ ಬಿಟ್ಟರೂ ಕಿವಿ ಬಿಡದ ಗುಯ್ ಸದ್ದು: ಪರಿಹಾರ ಕೇಳುವುದು ಹೇಗೆ?

ನನ್ನ ಅಕ್ಕನ ಮಗ ಅಮೆರಿಕದ ಸೇನೆಯ ಫಿರಂಗಿ ದಳದಲ್ಲಿ ನಾಲ್ಕು ವರ್ಷ ಇದ್ದ. 2014ರಲ್ಲಿ ಹೊರಬಂದ. ಅವನ ಹಳೆಯ ಚೀಲದಲ್ಲಿ ಈಗಲೂ ಒಂದು ಜೊತೆ ಇಯರ್‌ಪ್ಲಗ್ ಇದೆ. ಒಂದು ತುದಿ ಕಡು ಹಸಿರು, ಇನ್ನೊಂದು ಹಳದಿ. ಎರಡೂ ತುದಿಯಲ್ಲಿ ಮೂರು ಪುಟ್ಟ ಕೊಡೆ ಒಂದರ ಮೇಲೊಂದು ಜೋಡಿಸಿದ ಹಾಗೆ ಮೆತ್ತನೆಯ ಅಂಚು. ಅದನ್ನು ಕಿವಿಗೆ ಹಾಕಿಕೊಂಡೇ ಅವನು ಫಿರಂಗಿ ಪಕ್ಕ ನಿಂತದ್ದು. ಈಗ ರಾತ್ರಿ ಫ್ಯಾನ್ ಹಾಕದೆ ಅವನಿಗೆ ನಿದ್ದೆ ಬರುವುದಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕಿವಿಯೊಳಗಿನ ಗುಯ್ ಜಾಸ್ತಿಯಾಗುತ್ತದೆ.

ಪರಿಹಾರಕ್ಕೆ ಅವನು ಹಾಕಿದ ಮೊದಲ ಅರ್ಜಿ ಬಿದ್ದುಹೋಯಿತು. ಆಮೇಲೆ ಅವನ ಜೊತೆ ಕೂತು ಕಾಗದ ನೋಡಿದೆ. ಅವನ ಗೆಳೆಯರ ಕಾಗದಗಳನ್ನೂ ನೋಡಿದೆ. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ತಪ್ಪು. 2009ರಿಂದ 2016ರ ತನಕ ಮಾವ್ನಿ ಎಂಬ ಯೋಜನೆಯಲ್ಲಿ ಗ್ರೀನ್‌ಕಾರ್ಡ್ ಇಲ್ಲದ ವಲಸಿಗರನ್ನೂ ಆ ಸೇನೆ ತೆಗೆದುಕೊಂಡಿತ್ತು. ಹಾಗೆ ಸೇರಿದ ನಮ್ಮ ಕಡೆಯ ಮಕ್ಕಳಿಗೆ, ಅವರ ಮನೆಯವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾಗಿಲು ಯಾವುದು ಗೊತ್ತು ಮಾಡಿಕೊಳ್ಳಿ

ಇಲ್ಲಿ ಎರಡು ಬಾಗಿಲುಗಳಿವೆ. ಒಂದು, ಇಯರ್‌ಪ್ಲಗ್ ಮಾಡಿದ ಕಂಪನಿಯ ಮೇಲಿನ ಕೇಸು. ಇನ್ನೊಂದು, ಮಾಜಿ ಯೋಧರ ಇಲಾಖೆ, ಅಂದರೆ ವಿಎ ಕೊಡುವ ಅಂಗವೈಕಲ್ಯ ಪರಿಹಾರ. ಎರಡಕ್ಕೂ ಸಂಬಂಧವಿಲ್ಲ.

ಪ್ಲಗ್‌ನ ಹೆಸರು ಕಾಂಬ್ಯಾಟ್ ಆರ್ಮ್ಸ್, ಎರಡನೇ ಆವೃತ್ತಿ. ಮಾಡಿದ್ದು ಇಂಡಿಯಾನಾಪೊಲಿಸ್‌ನ ಏರೋ ಕಂಪನಿ. 2008ರಲ್ಲಿ ಅದನ್ನು 3ಎಂ ಎಂಬ ದೊಡ್ಡ ಕಂಪನಿ ಕೊಂಡಿತು. ಸೇನೆಯಲ್ಲಿ ಇದು ಬಳಕೆಯಲ್ಲಿದ್ದದ್ದು 2003ರಿಂದ 2015ರವರೆಗೆ. ಪ್ಲಗ್‌ನ ಕಾಂಡ ಗಿಡ್ಡ, ಹಾಗಾಗಿ ಕಿವಿಯೊಳಗೆ ಸಾಕಷ್ಟು ಆಳಕ್ಕೆ ಹೋಗುವುದಿಲ್ಲ, ಹೊರಗುಳಿದ ತುದಿಯ ಅಂಚು ಕಿವಿಗೆ ತಾಗಿ ಒಳಗಿನದನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳುತ್ತದೆ, ಹಾಕಿಕೊಂಡವನಿಗೆ ಗೊತ್ತೇ ಆಗುವುದಿಲ್ಲ ಎಂಬುದು ಯೋಧರ ದೂರು. ಕಂಪನಿಗೆ 2000ದಲ್ಲೇ ತನ್ನ ಲ್ಯಾಬಿನಲ್ಲಿ ಇದು ಗೊತ್ತಾಗಿತ್ತು ಎಂದೂ ವಾದಿಸಿದರು. 2018ರಲ್ಲಿ 3ಎಂ ಸರ್ಕಾರಕ್ಕೆ 91 ಲಕ್ಷ ಡಾಲರ್ ಕಟ್ಟಿ ಆ ಕಡೆಯ ದೂರನ್ನು ಮುಗಿಸಿಕೊಂಡಿತು. ತಪ್ಪು ಒಪ್ಪಿಕೊಳ್ಳಲಿಲ್ಲ. ಯೋಧರ ಕೇಸುಗಳೆಲ್ಲ ಫ್ಲಾರಿಡಾದ ಪೆನ್ಸಕೋಲಾ ಕೋರ್ಟಿನಲ್ಲಿ ಒಟ್ಟಾದವು. ಮಾದರಿಗೆಂದು ನಡೆಸಿದ 16 ವಿಚಾರಣೆಗಳಲ್ಲಿ 10 ಯೋಧರ ಪರ ಬಂದವು. ಕೊನೆಗೆ 2023ರ ಆಗಸ್ಟ್‌ನಲ್ಲಿ 601 ಕೋಟಿ ಡಾಲರ್‌ಗೆ ರಾಜಿಯಾಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಅದರ ಒಳಗಿದ್ದಾರೆ. ಕಂಪನಿ ದುಡ್ಡು ಕಟ್ಟುವ ಕಂತುಗಳು 2029ರ ತನಕ ಇವೆ.

ಆ ರಾಜಿ ಆಗಲೇ ಹೆಸರು ಕೊಟ್ಟಿದ್ದವರಿಗೆ. ಈಗ ಹೊಸಬರು ಸೇರಲು ಅದು ತೆರೆದಿಲ್ಲ. ಇನ್ನೂ "ಇಯರ್‌ಪ್ಲಗ್ ಕೇಸಿಗೆ ಸೇರಿ" ಎಂದು ಮೊಬೈಲಿನಲ್ಲಿ ಜಾಹೀರಾತು ಕಂಡರೆ ನಂಬರ್ ಒತ್ತಬೇಡಿ. ನಿಮ್ಮ ಸೇವೆಯ ವಿವರ, ಸೋಶಿಯಲ್ ಸೆಕ್ಯುರಿಟಿ ನಂಬರ್ ಯಾರದೋ ಕೈಗೆ ಹೋಗುತ್ತದೆ, ಅಷ್ಟೇ. ಸರ್ಕಾರದ ಮೇಲೆಯೇ ಕೇಸು ಹಾಕೋಣವೆಂದರೆ ಅದೂ ಆಗದು. ಸೇವೆಯಲ್ಲಿದ್ದಾಗ ಆದ ಗಾಯಕ್ಕೆ ಯೋಧ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1950ರಲ್ಲೇ ಹೇಳಿದೆ.

ವಿಎ ಬಾಗಿಲು ಮಾತ್ರ ಯಾವತ್ತೂ ತೆರೆದಿರುತ್ತದೆ. ಸೇನೆ ಬಿಟ್ಟು ಇಪ್ಪತ್ತು ವರ್ಷ ಆಗಿದ್ದರೂ ಸರಿ. 3ಎಂ ದುಡ್ಡು ಬಂದವರೂ ಕೇಳಬಹುದು. ಈ ಪರಿಹಾರ ಆದಾಯ ನೋಡಿ ಕೊಡುವುದಲ್ಲ. ಇನ್ನು ಮುಂದೆ ಹೇಳುವುದೆಲ್ಲ ಈ ಬಾಗಿಲಿನ ಮಾತು.

ಹೆಜ್ಜೆ 1: ತಾರೀಕು ಹಿಡಿದಿಡಿ

ಅರ್ಜಿ ತುಂಬುವ ಮೊದಲೇ "ಅರ್ಜಿ ಹಾಕುವ ಉದ್ದೇಶವಿದೆ" ಎಂದು ತಿಳಿಸುವ 21-0966 ಫಾರಂ ಕಳಿಸಿ. ಐದು ನಿಮಿಷದ ಕೆಲಸ. ಒಂದು ವರ್ಷದೊಳಗೆ ಪೂರ್ತಿ ಅರ್ಜಿ ಹಾಕಿ ಗೆದ್ದರೆ ದುಡ್ಡು ಸಾಮಾನ್ಯವಾಗಿ ಈ ಫಾರಂ ಕೊಟ್ಟ ತಾರೀಕಿನಿಂದಲೇ ಲೆಕ್ಕಕ್ಕೆ ಬರುತ್ತದೆ. ಇನ್ನೂ ಸೇವೆಯಲ್ಲಿ ಇರುವವರು ಬಿಡುಗಡೆಗೆ 180ರಿಂದ 90 ದಿನ ಮೊದಲೇ ಅರ್ಜಿ ಹಾಕಬಹುದು.

ಹೆಜ್ಜೆ 2: ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳಿ, ದುಡ್ಡು ಕೊಡಬೇಡಿ

ಅಮೆರಿಕನ್ ಲೀಜನ್, ಡಿಎವಿ, ವಿಎಫ್‌ಡಬ್ಲ್ಯೂ ಇಂಥ ಮಾಜಿ ಯೋಧರ ಸಂಘಗಳಲ್ಲಿ ವಿಎ ಮಾನ್ಯತೆ ಪಡೆದ ಪ್ರತಿನಿಧಿಗಳಿದ್ದಾರೆ. ಪುಕ್ಕಟೆ ಸಹಾಯ ಮಾಡುತ್ತಾರೆ. ಮೊದಲ ಅರ್ಜಿ ಹಾಕಿಕೊಡಲು ಯಾರೂ ಫೀಸು ತೆಗೆದುಕೊಳ್ಳುವಂತಿಲ್ಲ, ಅದು ಕಾನೂನು. ಇಷ್ಟಿದ್ದೂ "ಕನ್ಸಲ್ಟೆಂಟ್" ಎಂದು ಬೋರ್ಡು ಹಾಕಿಕೊಂಡು, ಗೆದ್ದರೆ ಇಷ್ಟು ತಿಂಗಳ ದುಡ್ಡು ನಮಗೆ ಎಂದು ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಅಕ್ಕನ ಮಗನ ಗೆಳೆಯನೊಬ್ಬ ಹಾಗೆ ಸಹಿ ಹಾಕಿ ಪೇಚಾಡಿದ. ವಿಎ ಮಾನ್ಯತೆ ಇದೆಯಾ ಎಂದು ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಹೆಜ್ಜೆ 3: ಕಾಗದ ಕೂಡಿಸಿ

ಬಿಡುಗಡೆ ಪತ್ರ ಡಿಡಿ 214 ಬೇಕು. ಅದರಲ್ಲಿ ನೀವು ಮಾಡಿದ ಕೆಲಸದ ಹೆಸರಿರುತ್ತದೆ. ಯಾವ ಕೆಲಸದಲ್ಲಿ ಸದ್ದು ಎಷ್ಟು ಎಂಬ ಪಟ್ಟಿ ವಿಎ ಹತ್ತಿರವೇ ಇದೆ. ಫಿರಂಗಿಯಂಥ ಕೆಲಸವಾದರೆ ಸದ್ದಿಗೆ ಬೇರೆ ಸಾಕ್ಷಿ ಹುಡುಕುವ ಕಷ್ಟ ಕಡಿಮೆ.

ಇನ್ನೊಂದು ಕಾಗದವನ್ನು ಎಲ್ಲರೂ ಮರೆಯುತ್ತಾರೆ. ಸೇರಿದಾಗ ತೆಗೆದ ಕಿವಿ ಪರೀಕ್ಷೆ ಡಿಡಿ 2215ರಲ್ಲಿ, ಆಮೇಲಿನವು ಡಿಡಿ 2216ರಲ್ಲಿ ಇರುತ್ತವೆ. ಎರಡನ್ನೂ ಪಕ್ಕ ಪಕ್ಕ ಇಟ್ಟು 4000 ಹರ್ಟ್ಸ್ ಕಾಲಂ ನೋಡಿ. ಸದ್ದಿನ ಪೆಟ್ಟು ಮೊದಲು ಬೀಳುವುದು ಆ ಆಸುಪಾಸಿನಲ್ಲೇ. ಅಲ್ಲಿ ಅಂಕಿ ಏರಿದ್ದರೆ, ಅಂದರೆ ಕಿವಿ ಮಂದವಾಗಿದ್ದರೆ, ಗುರುತು ಹಾಕಿ ಲಗತ್ತಿಸಿ. ಬಿಡುಗಡೆಯ ದಿನ ಕಿವಿ "ನಾರ್ಮಲ್" ಎಂದು ಬರೆದಿದ್ದರೂ ಎದೆಗುಂದಬೇಡಿ. ಅದೊಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ.

ಫೋನಿನ ಆ್ಯಪ್‌ನಲ್ಲಿ ಕಿವಿ ಪರೀಕ್ಷೆ ಮಾಡಿಕೊಂಡು ಅದರ ಚಿತ್ರ ಅಂಟಿಸುವವರಿದ್ದಾರೆ. ಅದು ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 4: ನಿಮ್ಮ ಹೇಳಿಕೆ. ಇಲ್ಲೇ ಎಲ್ಲರೂ ಎಡವುವುದು

ಮುಖ್ಯ ಅರ್ಜಿ 21-526ಇಝಡ್. ಅದನ್ನು ತುಂಬುವುದು ಸುಲಭ. ಕಿವುಡು ಮತ್ತು ಗುಯ್ ಸದ್ದು, ಇವೆರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಒಂದನ್ನೇ ಬರೆದು ಇನ್ನೊಂದನ್ನು ಬಿಟ್ಟವರನ್ನು ಕಂಡಿದ್ದೇನೆ.

ಕಷ್ಟ ಇರುವುದು ಜೊತೆಗೆ ಕೊಡುವ ಹೇಳಿಕೆಯಲ್ಲಿ. ಅಕ್ಕನ ಮಗ ಬರೆದದ್ದು ಒಂದೇ ಸಾಲು: "3ಎಂ ಇಯರ್‌ಪ್ಲಗ್‌ನಿಂದ ನನ್ನ ಕಿವಿ ಹಾಳಾಗಿದೆ." ಜೊತೆಗೆ ಒಂದು ಪತ್ರಿಕೆಯ ತುಣುಕು. ಇದರಲ್ಲಿ ವಿಎಗೆ ಬೇಕಾದದ್ದು ಒಂದೂ ಇಲ್ಲ. ಪ್ಲಗ್ ಯಾರು ಮಾಡಿದರು ಎಂದು ವಿಎ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಮೂರು: ಈಗ ತೊಂದರೆ ಇದೆಯಾ, ಸೇವೆಯಲ್ಲಿ ಏನಾಯಿತು, ಅದಕ್ಕೂ ಇದಕ್ಕೂ ಕೊಂಡಿ ಇದೆಯಾ.

ಕೊಂಡಿ ಕಟ್ಟುವುದು ದಿನ, ಜಾಗ, ಸದ್ದು. ಎರಡನೇ ಸಲ ನಾವು ಹೀಗೆ ಬರೆಸಿದೆವು: ಯಾವ ಕ್ಯಾಂಪ್, ಯಾವ ವರ್ಷ, ಎಂಥ ಫಿರಂಗಿ, ಎಷ್ಟು ಹತ್ತಿರ ನಿಂತಿದ್ದೆ. ತರಬೇತಿ ಮುಗಿಸಿ ಬಂದ ಮೊದಲ ರಾತ್ರಿ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಕೇಳಿತು, ಬೆಳಗ್ಗೆ ನಿಂತಿತು. ಮುಂದಿನ ವರ್ಷ ಎರಡು ದಿನ ನಿಲ್ಲಲಿಲ್ಲ. ಆಮೇಲೆ ನಿಲ್ಲಲೇ ಇಲ್ಲ. ಸೇನೆಗೆ ಮೊದಲು ಕಿವಿಯ ತೊಂದರೆ ಇರಲಿಲ್ಲ. ಬಿಟ್ಟ ಮೇಲೆ ಆಫೀಸಿನಲ್ಲಿ ಕೆಲಸ, ಸದ್ದಿನ ಜಾಗವಲ್ಲ. ಈ ಕೊನೆಯ ಮಾತು ತಪ್ಪದೇ ಬೇಕು. ಇಲ್ಲದಿದ್ದರೆ ಆಮೇಲೆ ಬೇರೆಲ್ಲೋ ಆಗಿರಬಹುದು ಎಂಬ ಸಂಶಯಕ್ಕೆ ಜಾಗ ಉಳಿಯುತ್ತದೆ.

ಗುಯ್ ಸದ್ದನ್ನು ಅಳೆಯುವ ಯಂತ್ರವಿಲ್ಲ. ಕೇಳುವವರು ನೀವೊಬ್ಬರೇ. ಅದಕ್ಕೇ ನಿಮ್ಮ ಮಾತನ್ನೇ ಸಾಕ್ಷಿಯಾಗಿ ಒಪ್ಪುತ್ತಾರೆ. ಆ ಮಾತು ಪ್ರತಿ ಕಾಗದದಲ್ಲೂ ಒಂದೇ ಆಗಿರಬೇಕು. ಒಂದರಲ್ಲಿ 2011, ಇನ್ನೊಂದರಲ್ಲಿ "ಇತ್ತೀಚೆಗೆ" ಎಂದು ಬರೆದರೆ ಮುಗಿಯಿತು.

ಮನೆಯವರ ಹೇಳಿಕೆಗೆ 21-10210 ಫಾರಂ ಇದೆ. ನಮ್ಮ ಅಕ್ಕ ತಾನು ಕಂಡದ್ದನ್ನು ಬರೆದಳು: "ಹಾಲು ತಾ ಅಂದರೆ ಕಾಲಾ, ಸಾಲಾ ಅಂತ ಕೇಳ್ತಾನೆ. ಬೆನ್ನು ತಿರುಗಿಸಿದ್ದಾಗ ಮಾತಾಡಿದರೆ ಉತ್ತರವೇ ಇಲ್ಲ." ಅವಳ ಮಾತನ್ನು ಇಂಗ್ಲಿಷಿಗೆ ಮಾಡಿ ಕಳಿಸಿದೆವು. ಡಾಕ್ಟರರಿಂದ ಪತ್ರ ತರುವುದಾದರೆ "ಇರಬಹುದು" ಎಂಬ ಪದ ಸಾಲದು. ಸೇವೆಯಿಂದಲೇ ಆಗಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಎಂದು, ಕಾರಣ ಕೊಟ್ಟು ಬರೆಯಬೇಕು. ಕಾನೂನಿನ ಅಳತೆ ಅದೇ.

ಹೆಜ್ಜೆ 5: ಪರೀಕ್ಷೆಯ ದಿನ

ವಿಎ ಅಥವಾ ಅದು ಗೊತ್ತು ಮಾಡಿದ ಖಾಸಗಿ ಕಂಪನಿ ಫೋನ್ ಮಾಡುತ್ತದೆ. ಗೊತ್ತಿಲ್ಲದ ನಂಬರ್ ಎಂದು ಕಟ್ ಮಾಡಬೇಡಿ. ಪರೀಕ್ಷೆ ತಪ್ಪಿದರೆ ಅರ್ಜಿಯೇ ಹೋಗಬಹುದು.

ಹಿಯರಿಂಗ್ ಏಡ್ ಇದ್ದರೆ ತೆಗೆದಿಟ್ಟೇ ಪರೀಕ್ಷೆ. ಮೊದಲು ಪೀಂ ಎಂಬ ಸಣ್ಣ ಸದ್ದು, ಕೇಳಿದಾಗ ಗುಂಡಿ ಒತ್ತಬೇಕು. 500ರಿಂದ 4000 ಹರ್ಟ್ಸ್ ನಡುವಿನ ಐದು ಸ್ವರಗಳಲ್ಲಿ ಯಾವುದಾದರೂ ಒಂದು ಕೇಳಿಸಲು 40 ಡೆಸಿಬೆಲ್ ಅಥವಾ ಹೆಚ್ಚು ಸದ್ದು ಬೇಕಾದರೆ, ಇಲ್ಲವೇ ಮೂರಕ್ಕೆ 26 ಅಥವಾ ಹೆಚ್ಚು ಬೇಕಾದರೆ ಕಿವುಡು ಎಂದು ಒಪ್ಪುತ್ತಾರೆ. ಜಾಸ್ತಿ ತೋರಿಸಲೆಂದು ಕೇಳಿದರೂ ಸುಮ್ನೆ ಕೂರಬೇಡಿ. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ತಾಳೆಯಾಗದೆ ಸಿಕ್ಕಿಬೀಳುತ್ತೀರಿ, ನಿಜವಾದ ನೋವೂ ಸುಳ್ಳಾಗುತ್ತದೆ.

ಆಮೇಲೆ ಮೇರಿಲ್ಯಾಂಡ್ ಸಿಎನ್‌ಸಿ ಎಂಬ ಪದ ಪರೀಕ್ಷೆ. ಐವತ್ತು ಪುಟ್ಟ ಇಂಗ್ಲಿಷ್ ಪದಗಳನ್ನು ಕೇಳಿ ತಿರುಗಿ ಹೇಳಬೇಕು. ಶೇ 94ಕ್ಕಿಂತ ಕಡಿಮೆ ಬಂದರೂ ಕಿವುಡು ಎಂದು ಒಪ್ಪುತ್ತಾರೆ. ಮನೆಮಾತು ಕನ್ನಡವಾಗಿ, ದೊಡ್ಡವರಾದ ಮೇಲೆ ಆ ದೇಶಕ್ಕೆ ಹೋದವರಿಗೆ ಇಲ್ಲೊಂದು ತೊಡಕು: ತಪ್ಪಾದದ್ದು ಕಿವಿಯಿಂದಲೋ ಭಾಷೆಯಿಂದಲೋ? ನಿಯಮದಲ್ಲೇ ಇದಕ್ಕೆ ದಾರಿಯಿದೆ. ಭಾಷೆಯ ಕಾರಣಕ್ಕೆ ಪದ ಪರೀಕ್ಷೆ ಸರಿಹೋಗದು ಎಂದು ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಬರೆದರೆ ಬರೀ ಸ್ವರ ಪರೀಕ್ಷೆಯ ಮೇಲೆ ಲೆಕ್ಕ ಹಾಕುತ್ತಾರೆ. ನಿಮಗೆ ಹಾಗನ್ನಿಸಿದರೆ ಮೊದಲೇ ಹೇಳಿ.

ಕೊನೆಗೆ ಅವರು ಕೇಳುತ್ತಾರೆ, "ದಿನದ ಬದುಕಿಗೆ ಏನು ತೊಂದರೆ?" ಅಕ್ಕನ ಮಗ ಮೊದಲ ಸಲ ಹೇಳಿದ್ದು, "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೊಂಡಿದೀನಿ." ನನಗೆ ಹೇಳುವಾಗ ತಲೆ ತಗ್ಗಿಸಿದ, "ಮಾಮ, ಅಭ್ಯಾಸ, ಬಾಯಿಗೆ ಅದೇ ಬಂತು." ನಮ್ಮವರು ಎಲ್ಲಕ್ಕೂ ಹೀಗೇ ಅನ್ನುವುದು, ಅಲ್ವಾ? ದಯವಿಟ್ಟು ಆ ಕೋಣೆಯಲ್ಲಿ ಪರವಾಗಿಲ್ಲ ಅನ್ನಬೇಡಿ. ಫ್ಯಾನ್ ಇಲ್ಲದೆ ನಿದ್ದೆ ಬಾರದ್ದನ್ನು ಹೇಳಿ. ಮೀಟಿಂಗಿನಲ್ಲಿ ಅರ್ಧ ಮಾತು ಕೇಳಿಸದ್ದನ್ನು ಹೇಳಿ. ಮಗು ಹಿಂದಿನಿಂದ ಕರೆದದ್ದು ಗೊತ್ತಾಗದೆ ಹೋದದ್ದನ್ನು ಹೇಳಿ. ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹೆಜ್ಜೆ 6: ಉತ್ತರ ಬಂದ ಮೇಲೆ

ಗುಯ್ ಸದ್ದಿಗೆ ವಿಎ ಲೆಕ್ಕದಲ್ಲಿ ಸಿಗುವುದು ಶೇ 10 ಅಂಗವೈಕಲ್ಯ, ಒಂದು ಕಿವಿಗಾದರೂ ಎರಡಕ್ಕಾದರೂ. 2025ರ ಲೆಕ್ಕದಲ್ಲಿ ತಿಂಗಳಿಗೆ 175.51 ಡಾಲರ್, ಅಮೆರಿಕದಲ್ಲಿ ತೆರಿಗೆಯಿಲ್ಲ. ಕಿವುಡಿಗೆ ಬಹಳ ಜನಕ್ಕೆ ಶೇ 0 ಬರುತ್ತದೆ. ಅದನ್ನು ನೋಡಿ ಕಾಗದ ಎಸೆಯಬೇಡಿ. ಸೊನ್ನೆ ಇದ್ದರೂ ಸೇವೆಯಿಂದ ಆದದ್ದು ಎಂದು ಒಪ್ಪಿದ ಹಾಗಾಯಿತು. ಮುಂದೆ ಕಿವಿ ಇನ್ನೂ ಕೆಟ್ಟರೆ ಹೆಚ್ಚಿಸಲು ಕೇಳಬಹುದು.

ತಿರಸ್ಕಾರವಾದರೆ ಒಂದು ವರ್ಷ ಸಮಯವಿದೆ. ಹೊಸ ಸಾಕ್ಷಿ ಇದ್ದರೆ 20-0995 ಫಾರಂ. ಇದ್ದ ಕಾಗದವನ್ನೇ ಹಿರಿಯ ಅಧಿಕಾರಿ ನೋಡಲಿ ಎಂದರೆ 20-0996. ನನ್ನ ಸಲಹೆ ಮೊದಲನೆಯದು, ಏಕೆಂದರೆ ಹೆಚ್ಚಿನವರ ಕಾಗದದಲ್ಲಿ ನಿಜಕ್ಕೂ ಸಾಕ್ಷಿಯೇ ಇರುವುದಿಲ್ಲ. ಅಕ್ಕನ ಮಗನಿಗೂ ಅದರಲ್ಲೇ ಆಯಿತು.

ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದವರೂ ಅರ್ಜಿ ಹಾಕಬಹುದು. ಭಾರತದಿಂದ ಬರುವ ಅರ್ಜಿಗಳನ್ನು ವಿಎದ ಪಿಟ್ಸ್‌ಬರ್ಗ್ ಕಚೇರಿ ನೋಡುತ್ತದೆ. ಒಪ್ಪಿಗೆಯಾದ ತೊಂದರೆಗೆ ಇಲ್ಲಿ ಮಾಡಿಸಿದ ಚಿಕಿತ್ಸೆಯ ಖರ್ಚಿಗೆ ಫಾರಿನ್ ಮೆಡಿಕಲ್ ಪ್ರೋಗ್ರಾಂ ಇದೆ. ಬಿಲ್ಲು ಜೋಪಾನವಾಗಿಡಿ.

ಗುಯ್ ನಿಲ್ಲಿಸುತ್ತೇವೆ ಎಂದು ಮಾರುವ ಮಾತ್ರೆಗಳನ್ನು ಕೊಳ್ಳಬೇಡಿ. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಇದಕ್ಕೆಂದು ಒಪ್ಪಿದ ಔಷಧಿ ಒಂದೂ ಇಲ್ಲ. ಬಿಸಿ ಎಣ್ಣೆ ಬಿಡುವುದೂ ಬೇಡ. ಅಲ್ಲೇ ಇರುವವರಿಗೆ ಒಳ್ಳೆಯ ಹಿಯರಿಂಗ್ ಏಡ್ ವಿಎ ಪುಕ್ಕಟೆ ಕೊಡುತ್ತದೆ, ಬ್ಯಾಟರಿಯನ್ನೂ ಅಂಚೆಯಲ್ಲಿ ಕಳಿಸುತ್ತದೆ. ಮೊದಲ ವಾರ ತಟ್ಟೆ ಚಮಚದ ಸದ್ದೂ ಕರ್ಕಶವಾಗಿ ಕೇಳುತ್ತದೆ. ಕಿತ್ತು ಡ್ರಾಯರಿನಲ್ಲಿ ಇಡದೆ ಆಡಿಯಾಲಜಿಸ್ಟ್ ಹತ್ತಿರ ವಾಪಸ್ ಹೋಗಿ, ಸರಿಮಾಡಿಕೊಡುತ್ತಾರೆ.