ಅಭಿಜಾತ ಕೃತಿಗಳನ್ನು ನಂಬಿ ಮನೆಯಲ್ಲೇ ಪಾಠ: ನಾವು ದಾರಿ ಆರಿಸಿಕೊಂಡ ಬಗೆ

ಮಕ್ಕಳಿಬ್ಬರಿಗೂ ಮನೆಯಲ್ಲೇ ಪಾಠ ಹೇಳುವುದೆಂದು ನಾನೂ ನನ್ನ ಪತಿಯೂ ತೀರ್ಮಾನಿಸಿದಾಗ ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಕಾಲದ ಪರೀಕ್ಷೆಯಲ್ಲಿ ಗೆದ್ದು ಉಳಿದ ಕೃತಿಗಳೇ ಓದಿನ ಆಧಾರವಾಗಿರಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಆ ಒಂದೇ ಮಾತಿನೊಳಗೆ ಬೇರೆ ಬೇರೆ ದಾರಿಗಳಿವೆ ಎಂಬುದು ಮನಸ್ಸಿಗೆ ಬರುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು.

ಮೊದಲನೆಯದು ಟ್ರಿವಿಯಂ. ಮಧ್ಯಯುಗದ ಯುರೋಪಿನಲ್ಲಿ ವ್ಯಾಕರಣ, ತರ್ಕ, ವಾಕ್ಕಲೆ ಎಂಬ ಮೂರು ವಿದ್ಯೆಗಳಿಗಿದ್ದ ಈ ಹೆಸರನ್ನು ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣದಲ್ಲಿ ಮಗುವಿನ ಬೆಳವಣಿಗೆಗೆ ಹೊಂದಿಸಿ ತೋರಿಸಿದರು: ಬಾಯಿಪಾಠವನ್ನು ಇಷ್ಟಪಡುವ ಹಂತ, ವಾದಕ್ಕೆ ನಿಲ್ಲುವ ಹಂತ, ತನ್ನ ಮಾತನ್ನು ತಾನೇ ಕಟ್ಟಿಕೊಳ್ಳುವ ಹಂತ. ಎರಡನೆಯದು ಮಹಾಕೃತಿಗಳ ಮಾರ್ಗ. ಅಮೆರಿಕದ ಚಿಂತಕರಾದ ರಾಬರ್ಟ್ ಹಚಿನ್ಸ್ ಮತ್ತು ಮಾರ್ಟಿಮರ್ ಆಡ್ಲರ್ ಅವರ ಸಂಪಾದಕತ್ವದಲ್ಲಿ 1952ರಲ್ಲಿ 54 ಸಂಪುಟಗಳ ಮಾಲೆಯೊಂದು ಈ ನಂಬಿಕೆಯಿಂದಲೇ ಹೊರಬಂತು. ಮೂಲಕೃತಿಯನ್ನೇ ಓದಿ, ಕೂತು ಚರ್ಚಿಸುವುದು ಇದರ ಜೀವ. ಮೂರನೆಯದು ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಅವರದು: ಚಿಕ್ಕ ಪಾಠ, ಸತ್ವವುಳ್ಳ ಪುಸ್ತಕ, ಒಂದೇ ಸಲದ ಓದು, ಆಮೇಲೆ ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು.

ನಾನು ಎರಡನೆಯದಕ್ಕೆ ಮನಸೋತೆ. ವರ್ಷಕ್ಕೆ ಮೂವತ್ತು ಪುಸ್ತಕಗಳ ಪಟ್ಟಿ ಮಾಡಿ, ಪ್ರತಿ ಅಧ್ಯಾಯಕ್ಕೂ ಪ್ರಶ್ನೆಗಳನ್ನು ಬರೆದಿಟ್ಟೆ. ಮಗಳು ಎಲ್ಲಕ್ಕೂ ಸರಿಯುತ್ತರ ಬರೆಯುತ್ತಿದ್ದುದರಿಂದ ಎಲ್ಲವೂ ಚೆನ್ನಾಗಿ ಸಾಗುತ್ತಿದೆಯೆಂದೇ ತಿಳಿದಿದ್ದೆ. ಒಂದು ಸಂಜೆ ಮಗ, “ಅಕ್ಕ, ಆ ಒಕ್ಕಣ್ಣಿನ ರಾಕ್ಷಸನ ಗುಹೆಯಿಂದ ಅವರೆಲ್ಲ ಹೇಗೆ ತಪ್ಪಿಸಿಕೊಂಡರು?” ಎಂದು ಕೇಳಿದ. ಅದೇ ದಿನ ಬೆಳಿಗ್ಗೆ ಗ್ರೀಕ್ ಮಹಾಕಾವ್ಯ ಒಡಿಸ್ಸಿಯ ಆ ಭಾಗದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದಿದ್ದ ಹುಡುಗಿ, “ಕುರಿಗಳು ಇದ್ದವು ಅನ್ನಿಸುತ್ತೆ” ಎಂದು ಸುಮ್ಮನಾದಳು. ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನವೇ ಪ್ರಶ್ನೆಗಳನ್ನು ಎತ್ತಿಟ್ಟು, ಪಟ್ಟಿಯಲ್ಲಿ ನಾಲ್ಕೇ ಪುಸ್ತಕಗಳನ್ನು ಉಳಿಸಿಕೊಂಡೆ. ಹತ್ತು ನಿಮಿಷ ಗಟ್ಟಿಯಾಗಿ ಓದುವುದು, ಪುಸ್ತಕ ಮುಚ್ಚುವುದು, ಅವಳು ಹೇಳುವುದು, ನಡುವೆ ನಾನು ಬಾಯಿ ಹಾಕದಿರುವುದು. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೊದಮೊದಲು ಮೂರು ವಾಕ್ಯಕ್ಕೆ ಕಥೆ ಮುಗಿಯುತ್ತಿತ್ತು. ಸುಮಾರು ಆರು ವಾರಗಳ ನಂತರ ಅದೇ ಗುಹೆಯ ಪ್ರಸಂಗವನ್ನು ಮತ್ತೆ ಓದಿದಾಗ, ಕುರುಡಾದ ರಾಕ್ಷಸ ಕುರಿಗಳ ಬೆನ್ನು ಸವರಿದನೇ ಹೊರತು ಹೊಟ್ಟೆಯ ಕೆಳಗೆ ಕೈಹಾಕಿ ನೋಡಲಿಲ್ಲ ಎಂಬುದನ್ನೂ, ಎಂದೂ ಮುಂದೆ ಹೋಗುತ್ತಿದ್ದ ಟಗರು ಇಂದೇಕೆ ಹಿಂದುಳಿಯಿತೆಂದು ಅವನು ಅದನ್ನು ಅಕ್ಕರೆಯಿಂದ ಕೇಳಿದನೆಂಬುದನ್ನೂ ಅವಳು ಬಿಡದೆ ಹೇಳಿದಳು. “ಪಾಪ ಅಮ್ಮ, ಅವನಿಗೆ ಮಾತಾಡಲು ಆ ಟಗರು ಒಂದೇ ಇತ್ತು” ಎಂದಳು. ನಾನು ಬರೆದಿಟ್ಟಿದ್ದ ಯಾವ ಪ್ರಶ್ನೆಯೂ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ.

ಹೀಗೆ ಓದಿನ ಕ್ರಮಕ್ಕೆ ಮೇಸನ್ ಅವರನ್ನು ಒಪ್ಪಿಕೊಂಡೆವು. ಭಾಷಾಪಾಠಕ್ಕೆ ಮಾತ್ರ ಸೇಯರ್ಸ್ ಅವರ ಮಾತು ಹಿಡಿಸಿತು. ಅವರು ಶಿಕ್ಷಣದ ತಳಹದಿಯಾಗಿ ಲ್ಯಾಟಿನ್ ವ್ಯಾಕರಣವನ್ನು ಸೂಚಿಸಿದ್ದರು. ನಾವು ಆ ಜಾಗದಲ್ಲಿ ಸಂಸ್ಕೃತವನ್ನಿಟ್ಟೆವು. ಸಂಬೋಧನೆಯೂ ಸೇರಿ ಎಂಟು ವಿಭಕ್ತಿ, ಮೂರು ವಚನ, ಒಂದು ನಾಮಪದಕ್ಕೆ 24 ರೂಪಗಳು. ದೊಡ್ಡವರಿಗೆ ಹೊರೆಯೆನಿಸುವ ಇದನ್ನು ಮಗ ಮನೆಯೆಲ್ಲ ಓಡಾಡುತ್ತ ರಾಗವಾಗಿ ಹೇಳಿಕೊಳ್ಳುತ್ತಾನೆ.

ಚರ್ಚೆಯ ಮಾರ್ಗವನ್ನು ಪೂರ್ತಿ ಬಿಡಲಿಲ್ಲ. ಅದು ತಾನಾಗಿಯೇ ಬರುವವರೆಗೆ ಕಾದೆವು. ಈ ವರ್ಷ, ಹದಿಮೂರು ತುಂಬಿದ ಮಗಳೊಂದಿಗೆ ಯೂಕ್ಲಿಡ್‌ನ ರೇಖಾಗಣಿತ ಆರಂಭಿಸಿದೆ. ಮೊದಲ ಪ್ರಮೇಯದಲ್ಲಿ ಒಂದು ರೇಖೆಯ ಎರಡು ತುದಿಗಳಿಂದ ಎರಡು ವೃತ್ತಗಳನ್ನೆಳೆದು, ಅವು ಕೂಡುವ ಬಿಂದುವಿನಿಂದ ಸಮಬಾಹು ತ್ರಿಭುಜ ರಚಿಸಬೇಕು. ಅವಳು ಕೈವಾರ ಕೆಳಗಿಟ್ಟು, “ವೃತ್ತಗಳು ಒಂದನ್ನೊಂದು ಕತ್ತರಿಸಲೇಬೇಕು ಎಂದು ಇವನು ಎಲ್ಲಿ ಹೇಳಿದ್ದಾನೆ? ಚಿತ್ರ ನೋಡಿ ನಂಬಬೇಕೇ?” ಎಂದು ಕೇಳಿದಳು. ಯೂಕ್ಲಿಡ್ ಅದನ್ನು ಎಲ್ಲಿಯೂ ಹೇಳಿಲ್ಲ; ಅವನ ಐದು ಸ್ವೀಕೃತ ತತ್ವಗಳಿಂದ ಅದು ಸಿದ್ಧವಾಗುವುದಿಲ್ಲವೆಂದು ನಂತರದ ಗಣಿತಜ್ಞರೂ ಎತ್ತಿ ತೋರಿಸಿದ್ದಾರೆ. ಹಾಗೆಂದು ಅವಳಿಗೆ ತಿಳಿಸಿದೆ. ಆ ಪ್ರಶ್ನೆಯನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಉತ್ತರಕ್ಕೆಂದು ಅರ್ಧ ಪುಟವನ್ನು ಖಾಲಿ ಬಿಟ್ಟು, ಅವಳು ಎರಡನೆಯ ಪ್ರಮೇಯಕ್ಕೆ ಹೋದಳು.