ಉಂಗುರದೊಳಗೆ ನಿರಿಗೆ ಬಿಡಿಸಿದ ಮೇಲೆ: ರಿಂಗ್ ಸ್ಲಿಂಗ್‌ನೊಂದಿಗೆ ನನ್ನ ಅನುಭವ

ಮಗಳಿಗೆ ಐದು ತಿಂಗಳು ತುಂಬಿದಾಗ ಅವಳನ್ನು ರಿಂಗ್ ಸ್ಲಿಂಗ್‌ನಲ್ಲಿ, ಅಂದರೆ ಒಂದು ತುದಿಗೆ ಎರಡು ಉಂಗುರ ಹೊಲಿದ, ಮಗುವನ್ನು ಮೈಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆಯಲ್ಲಿ, ಹೊರಲು ಆರಂಭಿಸಿದೆ. ಮೊದಲ ವಾರವಿಡೀ ಒಂದೇ ತೊಂದರೆ. ಉಂಗುರಗಳಿಂದ ಹೊರಬರುವ ಬಟ್ಟೆಯ ತುದಿಯನ್ನು, ಅಂದರೆ ಸೆರಗನ್ನು, ಎಷ್ಟು ಎಳೆದರೂ ಬಟ್ಟೆಯ ಮೇಲಂಚು ಸಡಿಲವಾಗಿಯೇ ಉಳಿಯುತ್ತಿತ್ತು, ಮಗು ನನ್ನ ಎದೆಯಿಂದ ಆಚೆಗೆ ವಾಲುತ್ತಿದ್ದಳು. ಇನ್ನಷ್ಟು ಬಲ ಹಾಕಿದರೆ ಕೆಳಂಚು ಅವಳ ತೊಡೆಗೆ ಒತ್ತುತ್ತಿತ್ತು. ನನ್ನ ಕೈಬಲವೇ ಸಾಲದೇನೋ ಎಂದುಕೊಂಡೆ. ಆದರೆ ತಪ್ಪು ಆಗಿದ್ದುದು ಎಳೆಯುವುದಕ್ಕೂ ಮೊದಲು, ಬಟ್ಟೆಯನ್ನು ಉಂಗುರಗಳಿಗೆ ಪೋಣಿಸುವಾಗ.

ಈಗ ನಾನು ಅವಸರ ಮಾಡದೆ ಪೋಣಿಸುತ್ತೇನೆ. ಉಂಗುರಗಳನ್ನು ಹೆಗಲ ಮೇಲೆ ಇಟ್ಟುಕೊಂಡು, ಬಟ್ಟೆಯನ್ನು ಬೆನ್ನ ಮೇಲಿಂದ ಓರೆಯಾಗಿ ಇಳಿಸಿ, ಇನ್ನೊಂದು ಕೈಯ ಕಂಕುಳ ಕೆಳಗಿನಿಂದ ಮುಂದಕ್ಕೆ ತರುತ್ತೇನೆ. ಮೇಲಂಚಿನ ಉದ್ದಕ್ಕೂ ಬೆರಳಾಡಿಸುತ್ತಾ ಹೋದರೆ ಬೆನ್ನ ಹಿಂದೆ ಎಲ್ಲಾದರೂ ಬಟ್ಟೆ ತಿರುಚಿಕೊಂಡಿದ್ದರೆ ತಿಳಿಯುತ್ತದೆ. ಆಮೇಲೆ ಸೆರಗಿನ ತುದಿಯನ್ನು ಸಣ್ಣ ಸಣ್ಣ ನಿರಿಗೆಯಾಗಿ ಹಿಡಿದು, ಎರಡೂ ಉಂಗುರಗಳೊಳಗಿಂದ ಮೈಯ ಕಡೆಯಿಂದ ಹೊರಕ್ಕೆ ತೆಗೆಯುತ್ತೇನೆ. ಹೊರಬಂದ ತುದಿಯನ್ನು ಮೇಲಿನ ಉಂಗುರದ ಮೇಲಿಂದ ಮಡಚಿ, ಕೆಳಗಿನ ಉಂಗುರದೊಳಗೆ ಮಾತ್ರ ಇಳಿಸುತ್ತೇನೆ. ಎರಡು ಉಂಗುರಗಳ ಬೆಲ್ಟ್ ಕಟ್ಟುವುದೂ ಹೀಗೆಯೇ. ಮಗುವಿನ ತೂಕವೇ ಉಂಗುರಗಳ ನಡುವೆ ಬಟ್ಟೆಯನ್ನು ಒತ್ತಿ ಹಿಡಿಯುವುದರಿಂದ ಗಂಟು ಬೇಕಾಗುವುದಿಲ್ಲ.

ನಾನು ಬಿಟ್ಟುಬಿಡುತ್ತಿದ್ದ ಹಂತ ಇದರ ನಂತರದ್ದು. ಪೋಣಿಸಿದ ನಿರಿಗೆಗಳನ್ನು ಉಂಗುರದ ಬಳಸಿನ ಉದ್ದಕ್ಕೂ ಬಿಡಿಸಿ ಹರಡಬೇಕು. ಒಂದು ಮಡಿಕೆ ಇನ್ನೊಂದರ ಮೇಲೆ ಹತ್ತಿ ಕುಳಿತರೆ ಅಲ್ಲೇ ಬಟ್ಟೆ ಕಚ್ಚಿಕೊಳ್ಳುತ್ತದೆ, ಮತ್ತೆ ಎಷ್ಟು ಎಳೆದರೂ ಜಾರುವುದಿಲ್ಲ. ಮೇಲಂಚು ಕುತ್ತಿಗೆಯ ಕಡೆಗೆ, ಕೆಳಂಚು ತೋಳಿನ ಕಡೆಗೆ ಇರಬೇಕು. ನಡುವಿನ ಬಟ್ಟೆ ಅದೇ ಕ್ರಮದಲ್ಲಿ ಮಧ್ಯೆ ಬರಬೇಕು. ಹೀಗಿದ್ದರೆ ಸೆರಗಿನ ಒಳ ಅಂಚನ್ನು ಎಳೆದಾಗ ಮೇಲಂಚೊಂದೇ ಬಿಗಿಯುತ್ತದೆ, ಹೊರ ಅಂಚನ್ನು ಎಳೆದಾಗ ಕೆಳಂಚೊಂದೇ. ಗುರುತಿಗಾಗಿ ನಾನು ಮೇಲಂಚಿನ ಉದ್ದಕ್ಕೂ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿಕೊಂಡಿದ್ದೇನೆ. ಅಷ್ಟರಿಂದಲೇ ಅರ್ಧ ಗೊಂದಲ ಕಳೆಯಿತು.

ಮಗುವನ್ನು ಕೂರಿಸುವ ಮೊದಲು ಉಂಗುರಗಳು ಹೆಗಲ ಮೇಲೆಯೇ, ಬೇಕೆನಿಸುವುದಕ್ಕಿಂತ ಎತ್ತರದಲ್ಲಿರಲಿ. ಬಿಗಿಗೊಳಿಸಿದಂತೆ ಅವು ಇಳಿದು ಕೊರಳೆಲುಬಿನ ಕೆಳಗೆ ಬಂದು ನಿಲ್ಲುತ್ತವೆ. ಮಗಳನ್ನು ಉಂಗುರಗಳಿಲ್ಲದ ಹೆಗಲಿಗೆ ಒರಗಿಸಿ, ಅವಳ ಕಾಲುಗಳನ್ನು ಬಟ್ಟೆಯ ಕೆಳಗಿನಿಂದ ಹೊರತಂದು, ಹೊಟ್ಟೆಗೆ ಹೊಟ್ಟೆ ತಾಗುವಂತೆ ಇಳಿಸುತ್ತೇನೆ. ಬಳಿಕ ಕೆಳಂಚನ್ನು ನಮ್ಮಿಬ್ಬರ ನಡುವೆ ಸುಮಾರು ಅವಳ ಹೊಕ್ಕುಳ ಮಟ್ಟಕ್ಕೆ ತೂರಿಸುತ್ತೇನೆ. ಬಟ್ಟೆ ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದರವರೆಗೆ ಹರಡಿರಬೇಕು, ಮಂಡಿಗಳು ಪೃಷ್ಠಕ್ಕಿಂತ ಮೇಲಿರಬೇಕು. ಈ ಆಸನ ಆಳವಾಗಿದ್ದರೆ ಮಗು ಕಾಲು ಚಾಚಿ ಒದ್ದರೂ ಜಾರುವುದಿಲ್ಲ.

ಇನ್ನು ಬಿಗಿಗೊಳಿಸುವುದು. ಮೊದಲು ಬೆನ್ನ ಹಿಂದಿನ ಸಡಿಲವನ್ನು ಕೈಯಿಂದ ಉಂಗುರಗಳ ಕಡೆಗೆ ಸರಿಸುತ್ತೇನೆ. ಒಂದು ಕೈಯಲ್ಲಿ ಮಗುವನ್ನು ಕೊಂಚ ಎತ್ತಿ ಹಿಡಿದರೆ ಉಂಗುರಗಳ ಮೇಲಿನ ಭಾರ ಇಳಿಯುತ್ತದೆ. ಆಗ ಇನ್ನೊಂದು ಕೈಯಿಂದ ಮೇಲಂಚು, ಕೆಳಂಚು, ನಡುವಿನ ಬಟ್ಟೆ ಎಂದು ಒಂದೊಂದು ಹಿಡಿಯಾಗಿ ಎಳೆಯುತ್ತೇನೆ. ನೇರ ಕೆಳಕ್ಕೆ ಎಳೆಯಬಾರದು. ಬಟ್ಟೆ ಯಾವ ಓರೆಯಲ್ಲಿ ಉಂಗುರಕ್ಕೆ ಬರುತ್ತಿದೆಯೋ ಅದೇ ಓರೆಯಲ್ಲಿ, ಎದುರು ಸೊಂಟದ ಕಡೆಗೆ ಎಳೆದರೆ ಸಲೀಸಾಗಿ ಜಾರುತ್ತದೆ. ಸಡಿಲಿಸಬೇಕಾದಾಗ ಮಗುವಿನ ಭಾರವನ್ನು ಕೈಯಲ್ಲಿ ತೆಗೆದುಕೊಂಡ ಮೇಲಷ್ಟೇ ಮೇಲಿನ ಉಂಗುರವನ್ನು ತುಸು ಎತ್ತುತ್ತೇನೆ. ಹೆಗಲು ನೋಯುತ್ತಿದ್ದರೆ ಬೆನ್ನ ಮೇಲಿನ ಬಟ್ಟೆ ಹಗ್ಗದಂತೆ ಮುದುಡಿದೆಯೇ ಎಂದು ನೋಡಿ. ಅದನ್ನು ಅಗಲವಾಗಿ ಹರಡಿದಾಗ ನನ್ನ ನೋವು ಅಲ್ಲಿಗೇ ನಿಂತಿತು.

ಮಗುವಿನ ಉಸಿರಿನ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬೇಡಿ. ಮುಖ ಸದಾ ಕಣ್ಣಿಗೆ ಕಾಣುತ್ತಿರಬೇಕು, ತಲೆ ಬಾಗಿದರೆ ಮುತ್ತಿಡುವಷ್ಟು ಹತ್ತಿರವಿರಬೇಕು, ಗದ್ದ ಎದೆಗೆ ಒತ್ತಿರಬಾರದು. ಗದ್ದದ ಕೆಳಗೆ ಎರಡು ಬೆರಳು ತೂರುವಷ್ಟು ಜಾಗವಿದೆಯೇ ಎಂದು ನಾನು ಆಗಾಗ ನೋಡುತ್ತಲೇ ಇರುತ್ತೇನೆ. ನಾಲ್ಕು ತಿಂಗಳೊಳಗಿನ ಶಿಶುಗಳನ್ನು ಸ್ಲಿಂಗ್‌ನಲ್ಲಿ ಹೊರುವವರು ವಿಶೇಷ ಎಚ್ಚರ ವಹಿಸಬೇಕೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರಲ್ಲಿಯೇ ಹೇಳಿತ್ತು. ಅಷ್ಟು ಎಳೆಯ ಮಕ್ಕಳಿಗೆ ತಲೆ ಎತ್ತಿ ಉಸಿರಾಟದ ದಾರಿ ತೆರೆದುಕೊಳ್ಳುವಷ್ಟು ಕತ್ತಿನ ಬಲ ಇರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಾದರೆ ವೈದ್ಯರನ್ನು ಕೇಳದೆ ಸ್ಲಿಂಗ್ ತೊಡಬೇಡಿ. ಮಗು ಮೈಮೇಲಿದ್ದಾಗ ನಾನು ಒಲೆಯ ಬಳಿ ಹೋಗುವುದಿಲ್ಲ. ಕೆಳಗಿನಿಂದ ಏನಾದರೂ ಎತ್ತಿಕೊಳ್ಳಬೇಕಾದರೆ ಸೊಂಟ ಬಾಗಿಸದೆ, ಮಂಡಿ ಮಡಚಿ ಕೂರುತ್ತೇನೆ.

ಉಂಗುರಗಳಲ್ಲಿ ಬೆಸುಗೆಯ ಜೋಡಣೆ ಕಾಣಿಸಿದರೆ ಅಂಥ ಸ್ಲಿಂಗ್ ಬೇಡ. ಜೋಡಣೆ ಭಾರಕ್ಕೆ ಬಿಟ್ಟುಕೊಳ್ಳಬಹುದು, ಅದರ ಒರಟು ತುದಿ ಬಟ್ಟೆಯನ್ನೂ ಹರಿಯಬಹುದು. ಉಂಗುರಗಳನ್ನು ಹೊಲಿದಿರುವ ಜಾಗವನ್ನು ಪ್ರತಿಬಾರಿ ತೊಡುವಾಗಲೂ ಬೆರಳಿನಿಂದ ಸವರಿ ನೋಡುತ್ತೇನೆ. ಪ್ರತಿದಿನ ಹೊಸದಾಗಿ ಪೋಣಿಸುವ ಅಗತ್ಯವಿಲ್ಲ. ಸಡಿಲಿಸಿ ತಲೆಯ ಮೇಲಿಂದ ತೆಗೆದು ಹಾಗೆಯೇ ತೂಗುಹಾಕುತ್ತೇನೆ. ಒಗೆದ ದಿನ ಮಾತ್ರ ಮೊದಲು ಕೆಂಪು ದಾರವನ್ನು ಹುಡುಕಿಕೊಂಡು, ಅಲ್ಲಿಂದಲೇ ನಿರಿಗೆ ಹಿಡಿಯಲು ಆರಂಭಿಸುತ್ತೇನೆ.