ಥರ್ಮೋಕಪಲ್ ತಪ್ಪು ತೋರಿಸುತ್ತಿದೆಯೇ? ಪ್ಯಾನಲ್‌ನಿಂದ ಹುಡುಕಲು ಶುರು ಮಾಡಿ

ಫರ್ನೇಸ್ 500 ಡಿಗ್ರಿ ಸೆಲ್ಸಿಯಸ್ ಇರಬೇಕು, ಸ್ಕ್ರೀನ್ ಮೇಲೆ 470 ಕಾಣುತ್ತಿದೆ. ಇಂಥ ಹೊತ್ತಿನಲ್ಲಿ ಮೊದಲ ಅನುಮಾನ ಉಷ್ಣತೆ ಅಳೆಯುವ ಸಾಧನವಾದ ಥರ್ಮೋಕಪಲ್ ಮೇಲೆ. ಹಳೆಯದನ್ನು ಕಿತ್ತು ಹೊಸದು ಹಾಕುತ್ತಾರೆ. ಆಮೇಲೂ ಅದೇ 470! ತಪ್ಪು ಎಷ್ಟೋ ಸಲ ಕೇಬಲ್‌ನಲ್ಲೋ ಸೆಟ್ಟಿಂಗ್‌ನಲ್ಲೋ ಇರುತ್ತದೆ. ಎಷ್ಟು ಡಿಗ್ರಿ ವ್ಯತ್ಯಾಸ, ಅದು ಯಾವಾಗ ಬದಲಾಗುತ್ತದೆ ಎಂದು ನೋಡಿದರೆ ತಪ್ಪಿರುವ ಜಾಗ ಸಿಗುತ್ತದೆ.

ಕೈ ಹಾಕುವ ಮುಂಚೆ ಆಪರೇಟರ್‌ಗೆ ತಿಳಿಸಿ ಲೂಪನ್ನು (ರೀಡಿಂಗ್ ನೋಡಿ ಹೀಟರ್ ನಡೆಸುವ ವ್ಯವಸ್ಥೆಯನ್ನು) ಮ್ಯಾನ್ಯುವಲ್‌ಗೆ ಹಾಕಿಸಿ. ಇದನ್ನು ಯಾವತ್ತೂ ಬಿಡಬೇಡಿ. ಆಟೋದಲ್ಲಿರುವಾಗ ಇನ್‌ಪುಟ್ ಶಾರ್ಟ್ ಮಾಡಿದರೆ ರೀಡಿಂಗ್ ಕೆಳಗಿಳಿಯುತ್ತದೆ, ಕಂಟ್ರೋಲರ್ ಹೀಟರನ್ನು ಪೂರ್ತಿ ಆನ್ ಮಾಡಿಬಿಡುತ್ತದೆ. ಆ ರೀಡಿಂಗ್‌ಗೆ ಟ್ರಿಪ್, ಅಂದರೆ ತಾನಾಗಿ ಯಂತ್ರ ನಿಲ್ಲಿಸುವ ಏರ್ಪಾಡು, ಕಟ್ಟಿದ್ದರೆ ಅದನ್ನೂ ವಿಚಾರಿಸಿಕೊಳ್ಳಿ.

ಥರ್ಮೋಕಪಲ್ ಕೊಡುವುದು ಎರಡು ತುದಿಗಳ ಉಷ್ಣತೆಯ ವ್ಯತ್ಯಾಸಕ್ಕೆ ತಕ್ಕ ವೋಲ್ಟೇಜ್ ಮಾತ್ರ. ತಂತಿಯ ಲೋಹದ ಮೇಲೆ ಕೆ, ಜೆ ಎಂಬ ಟೈಪ್‌ಗಳಿವೆ. ಕೆ ಟೈಪ್‌ನಲ್ಲಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್, ತೀರಾ ಚಿಕ್ಕದು. ತಣ್ಣನೆಯ ತುದಿ, ಅಂದರೆ ಕೋಲ್ಡ್ ಜಂಕ್ಷನ್, ಎಷ್ಟು ಡಿಗ್ರಿ ಇದೆ ಎಂದು ಪ್ಯಾನಲ್‌ನಲ್ಲಿರುವ ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್) ಮಾಡ್ಯೂಲ್ ತಾನೇ ಅಳೆದು ಸೇರಿಸಿಕೊಳ್ಳುತ್ತದೆ.

ಹಾಗಾಗಿ ಮೊದಲ ಪರೀಕ್ಷೆ ಮಾಡ್ಯೂಲ್‌ಗೆ. ಥರ್ಮೋಕಪಲ್ ವೈರ್ ಬಿಚ್ಚಿ, ಪ್ಲಸ್ ಮೈನಸ್ ಟರ್ಮಿನಲ್‌ಗಳನ್ನು ತುಂಡು ತಾಮ್ರದ ತಂತಿಯಿಂದ ಜೋಡಿಸಿ. ಸ್ಕ್ರೀನ್ ಆ ಟರ್ಮಿನಲ್ ಹತ್ತಿರದ ಉಷ್ಣತೆ ತೋರಿಸಬೇಕು. ಅದು 30 ಇದ್ದು ಸ್ಕ್ರೀನ್ 38 ಅಂದರೆ ತಪ್ಪು ಅಲ್ಲೇ ಇದೆ. ಪಕ್ಕದ ಪವರ್ ಸಪ್ಲೈ ಬಿಸಿ ತಾಗುತ್ತಿದೆಯಾ ಅಂತಲೂ ನೋಡಿ.

ಹಾಗೆಯೇ ಪ್ರೋಗ್ರಾಮ್‌ನಲ್ಲಿ ಯಾವ ಟೈಪ್ ಆರಿಸಿದ್ದಾರೆ ಎಂದು ನೋಡಿ. ಕೆ ಥರ್ಮೋಕಪಲ್ ಹಾಕಿ ಜೆ ಆರಿಸಿದ್ದರೆ 500 ಡಿಗ್ರಿಗೆ ಸುಮಾರು 380 ಬರುತ್ತದೆ. ತಣ್ಣಗಿದ್ದಾಗ ಎಲ್ಲ ಸರಿ, ಬಿಸಿಯಾದಂತೆ ವ್ಯತ್ಯಾಸ ಜಾಸ್ತಿ ಆಗುತ್ತಿದ್ದರೆ ಈ ಅನುಮಾನ ಮೊದಲು ಬರಲಿ.

ಎರಡೂ ಸರಿಯಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಬಿಚ್ಚಿದ ವೈರಿನಲ್ಲಿ ಮಿಲಿವೋಲ್ಟ್ ಅಳೆಯಿರಿ. ಕೆ ಟೈಪ್‌ನ ಡಿಗ್ರಿ-ಮಿಲಿವೋಲ್ಟ್ ಟೇಬಲ್ ಪ್ರಕಾರ 500 ಡಿಗ್ರಿಗೆ 20.64 ಮಿಲಿವೋಲ್ಟ್, ಟರ್ಮಿನಲ್‌ನ 30 ಡಿಗ್ರಿಗೆ 1.20. ಕಳೆದರೆ 19.44. ಮೀಟರ್ ಅಷ್ಟೇ ತೋರಿಸಿದರೆ ಥರ್ಮೋಕಪಲ್, ಕೇಬಲ್ ಎರಡೂ ಸರಿ, ಮತ್ತೆ ಮಾಡ್ಯೂಲ್ ಕಡೆ ಬನ್ನಿ. 18.16ರ ಆಸುಪಾಸು ಬಂದರೆ ಮಾಡ್ಯೂಲ್ ತನಗೆ ಬಂದದ್ದನ್ನೇ 470 ಎಂದು ಹೇಳುತ್ತಿದೆ. ಇನ್ನು ಫೀಲ್ಡ್‌ಗೆ, ಅಂದರೆ ಫರ್ನೇಸ್ ಹತ್ತಿರಕ್ಕೆ, ಹೋಗಬೇಕು.

ಅಲ್ಲಿ ಜಾಸ್ತಿ ಕಾಡುವುದು ಕೇಬಲ್. ಥರ್ಮೋಕಪಲ್ ಹೆಡ್‌ನಿಂದ (ಅದರ ವೈರ್ ಜೋಡಿಸುವ ಡಬ್ಬಿಯಿಂದ) ಪ್ಯಾನಲ್‌ವರೆಗೂ ಅದೇ ಟೈಪ್‌ನ ಎಕ್ಸ್‌ಟೆನ್ಷನ್ ಕೇಬಲ್ ಇರಬೇಕು. ನಡುವೆ ಯಾರೋ ಮಾಮೂಲಿ ತಾಮ್ರದ ಕೇಬಲ್ ಎಳೆದಿದ್ದರೆ ಹೆಡ್‌ಗೂ ಪ್ಯಾನಲ್‌ಗೂ ಇರುವಷ್ಟು ವ್ಯತ್ಯಾಸ ಕಳೆದುಹೋಗುತ್ತದೆ. ಹೆಡ್ 60, ಪ್ಯಾನಲ್ 30 ಅನ್ನಿ. ಸರಿಯಾಗಿ 30 ಡಿಗ್ರಿ ಕಡಿಮೆ, ಅದೇ ನಮ್ಮ 470! ಕೇಬಲ್ ಸರಿಯಾದದ್ದೇ ಆಗಿದ್ದು ಎರಡೂ ತುದಿಯಲ್ಲಿ ತಿರುವುಮುರುವಾಗಿದ್ದರೆ ಇನ್ನೂ ಕೆಟ್ಟದು. ರೀಡಿಂಗ್ ಏರುತ್ತದೆ, ಇಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತಪ್ಪು ದುಪ್ಪಟ್ಟು, 440 ಬರುತ್ತದೆ. ಒಂದೇ ಕಡೆ ತಿರುವಿದ್ದರೆ ಬಿಸಿಯಾದಷ್ಟೂ ರೀಡಿಂಗ್ ಕೆಳಗೆ ಹೋಗುತ್ತದೆ, ಬೇಗ ಗೊತ್ತಾಗುತ್ತದೆ.

ಬಣ್ಣ ನೋಡಿ ಜೋಡಿಸುವಾಗ ಹುಷಾರು. ಅಮೆರಿಕದ ಪದ್ಧತಿಯಲ್ಲಿ ಕೆಂಪು ಅಂದರೆ ಮೈನಸ್, ಕೆ ಟೈಪ್‌ಗೆ ಪ್ಲಸ್ ಹಳದಿ. ಅಂತಾರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಪ್ಲಸ್ ಹಸಿರು, ಮೈನಸ್ ಬಿಳಿ. ಬಣ್ಣ ಮಾಸಿದ್ದರೆ ಅಯಸ್ಕಾಂತ ಹಿಡಿಯಿರಿ. ಕೆ ಟೈಪ್‌ನಲ್ಲಿ ಮೈನಸ್ ತಂತಿ ಸ್ವಲ್ಪ ಅಂಟುತ್ತದೆ. ಜೆ ಟೈಪ್‌ನಲ್ಲಿ ಪ್ಲಸ್ ತಂತಿ ಕಬ್ಬಿಣದ್ದು, ಚೆನ್ನಾಗಿ ಅಂಟುತ್ತದೆ.

ರೀಡಿಂಗ್ ಕುಣಿಯುತ್ತಿದ್ದರೆ ಅದು ಹೆಚ್ಚಾಗಿ ನಾಯ್ಸ್, ಅಂದರೆ ಹೊರಗಿನಿಂದ ನುಸುಳುವ ವಿದ್ಯುತ್ ಗದ್ದಲ. ಕೇಬಲನ್ನು ಮೋಟಾರ್ ಡ್ರೈವ್‌ಗಳ ಪವರ್ ಕೇಬಲ್‌ನಿಂದ ದೂರ ಇಡಿ. ಶೀಲ್ಡನ್ನು (ಕೇಬಲ್ ಸುತ್ತಲಿನ ಲೋಹದ ಹೊದಿಕೆಯನ್ನು) ಒಂದೇ ತುದಿಯಲ್ಲಿ ಅರ್ಥ್ ಮಾಡಿ.

ಇಷ್ಟೆಲ್ಲ ಸರಿಯಿದ್ದ ಮೇಲೆ ಥರ್ಮೋಕಪಲ್ ಸರದಿ. ಥರ್ಮೋವೆಲ್ (ಥರ್ಮೋಕಪಲನ್ನು ಕಾಪಾಡುವ ಕೊಳವೆ) ತಳಕ್ಕೆ ಅದರ ತುದಿ ಮುಟ್ಟಿದೆಯಾ? ಒಳಗೆ ಇಳಿದ ಉದ್ದ ಥರ್ಮೋವೆಲ್ ವ್ಯಾಸದ ಕನಿಷ್ಠ 10 ಪಟ್ಟು ಇದ್ದರೆ ಒಳ್ಳೆಯದು. ಕಡಿಮೆಯಿದ್ದರೆ ಶಾಖ ಹೊರಗೆ ಹರಿದು ರೀಡಿಂಗ್ ತಗ್ಗುತ್ತದೆ.

ಕೆ ಟೈಪ್ ವರ್ಷಗಟ್ಟಲೆ ಬಿಸಿಯಲ್ಲಿದ್ದರೆ ಮೆಲ್ಲಗೆ ದಾರಿ ತಪ್ಪುತ್ತದೆ. 800ರಿಂದ 1050 ಡಿಗ್ರಿ ನಡುವೆ, ಆಮ್ಲಜನಕ ಕಡಿಮೆಯಿರುವ ಜಾಗದಲ್ಲಂತೂ ಪ್ಲಸ್ ತಂತಿಯ ಕ್ರೋಮಿಯಂ ಸವೆದು ರೀಡಿಂಗ್ ಕುಸಿಯುತ್ತದೆ. ಆಗ ಆಫ್‌ಸೆಟ್ ಹಾಕಿ, ಅಂದರೆ ರೀಡಿಂಗ್‌ಗೆ ಒಂದು ಸ್ಥಿರ ಅಂಕಿ ಕೂಡಿಸಿ, ಸರಿ ಮಾಡುವುದನ್ನು ನಾನು ಒಪ್ಪುವುದಿಲ್ಲ, ಬೇರೆ ಉಷ್ಣತೆಗೆ ಆ ಲೆಕ್ಕ ಸರಿಹೋಗುವುದೇ ಇಲ್ಲ. ಹಳೆಯದನ್ನು ಕಿತ್ತು ಲ್ಯಾಬ್‌ನಲ್ಲಿ ಪರೀಕ್ಷಿಸುವುದನ್ನೂ ಪೂರ್ತಿ ನಂಬಬೇಡಿ. ವೋಲ್ಟೇಜ್ ಹುಟ್ಟುವುದು ಬಿಸಿಯಿಂದ ತಣ್ಣಗಾಗುವ ಭಾಗದ ತಂತಿಯಲ್ಲಿ. ಲ್ಯಾಬ್‌ನಲ್ಲಿ ಬೇರೆ ಆಳಕ್ಕೆ ಇಳಿಸಿದರೆ ಆ ಭಾಗವೇ ಬದಲಾಗಿ, ಹಾಳಾದದ್ದೂ ಸರಿಯೆಂದು ಕಾಣಬಹುದು. ಕ್ಯಾಲಿಬ್ರೇಟ್ ಮಾಡಿದ ಇನ್ನೊಂದನ್ನು ಅದೇ ಜಾಗದಲ್ಲಿ, ಅದೇ ಆಳಕ್ಕೆ ಇಳಿಸಿ ಹೋಲಿಸಿ.